ಅನುದಾನದ ಜೀಪು, ರಾಜ್ಯದ ಡೀಸೆಲ್

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಗಳಿಗೆ ಬಿಟ್ಟುಕೊಟ್ಟ ವಿಷಯಗಳ ಪಟ್ಟಿ ಆರಂಭವಾಗುವುದೇ ಸಾರ್ವಜನಿಕ ಸುವ್ಯವಸ್ಥೆಯಿಂದ. ಅದರ ಬೆನ್ನಿಗೇ ಎರಡನೆಯ ನಮೂದಾಗಿ ಪೊಲೀಸ್ ಬರುತ್ತದೆ. ಕಾನ್‌ಸ್ಟೆಬಲ್‌ನ ನೇಮಕಾತಿಯಿಂದ ನಿವೃತ್ತಿ ವೇತನದವರೆಗೆ, ಠಾಣೆಯ ಗೋಡೆಗೆ ಬಳಿಯುವ ಸುಣ್ಣದಿಂದ ಜೀಪಿಗೆ ಹಾಕಿಸುವ ಡೀಸೆಲ್‌ವರೆಗೆ ಎಲ್ಲವೂ ರಾಜ್ಯದ ಖಜಾನೆಯ ಹೊಣೆ ಎಂಬುದು ಈ ಹಂಚಿಕೆಯ ಸಹಜ ಅರ್ಥ. ಹೀಗಿದ್ದೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಂದ್ರ ಗೃಹ ಸಚಿವಾಲಯವು ರಾಜ್ಯಗಳ ಪೊಲೀಸ್ ಪಡೆಗಳಿಗೆ ಅನುದಾನ ನೀಡುತ್ತ ಬಂದಿದೆ. ಶಾಸನ ಮಾಡುವ ಅಧಿಕಾರ ತನಗಿಲ್ಲದ ವಿಷಯಕ್ಕೂ, ಅದು ಸಾರ್ವಜನಿಕ ಉದ್ದೇಶದ್ದಾಗಿದ್ದರೆ, ಸರ್ಕಾರ ಹಣ ಕೊಡಬಹುದು ಎನ್ನುವ 282ನೇ ವಿಧಿಯೇ ಕೇಂದ್ರ ಪುರಸ್ಕೃತ ಯೋಜನೆಗಳಿಗೆಲ್ಲ ಆಸರೆಯಾಗಿದ್ದು, ಪೊಲೀಸ್ ಆಧುನೀಕರಣದ ಹಣವೂ ಅದೇ ಬಾಗಿಲಿನಿಂದ ಬರುತ್ತದೆ. ರಾಜ್ಯಗಳು ಪೊಲೀಸರಿಗಾಗಿ ಮಾಡುವ ಒಟ್ಟು ವೆಚ್ಚಕ್ಕೆ ಹೋಲಿಸಿದರೆ ಈ ಅನುದಾನ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆದರೂ ಸಂಬಳ, ಪಿಂಚಣಿ ಕಳೆದ ಮೇಲೆ ರಾಜ್ಯದ ಕೈಯಲ್ಲಿ ಹೊಸದೊಂದನ್ನು ಮಾಡಲು ಉಳಿಯುವ ಹಣ ತೀರಾ ಕಡಿಮೆಯಾದ್ದರಿಂದ, ಠಾಣೆಯಲ್ಲಿ ಹೊಸದಾಗಿ ಏನು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಸಣ್ಣ ಮೊತ್ತವೇ.

ಮೊತ್ತದ ಬಗ್ಗೆ ಇರುವ ಒಂದು ತಪ್ಪು ಕಲ್ಪನೆಯನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 2022ರ ಫೆಬ್ರುವರಿಯಲ್ಲಿ ಕೇಂದ್ರವು ಪೊಲೀಸ್ ಪಡೆಗಳ ಆಧುನೀಕರಣದ ಸಮಗ್ರ ಯೋಜನೆಯನ್ನು 2025-26ರವರೆಗೆ ಮುಂದುವರಿಸಲು ಒಪ್ಪಿಗೆ ನೀಡಿದಾಗ ಪತ್ರಿಕೆಗಳ ತಲೆಬರಹದಲ್ಲಿ ಕಾಣಿಸಿದ ಅಂಕಿ 26,275 ಕೋಟಿ ರೂಪಾಯಿ. ಅದರಲ್ಲಿ 18,839 ಕೋಟಿ ಜಮ್ಮು-ಕಾಶ್ಮೀರ, ಈಶಾನ್ಯ ರಾಜ್ಯಗಳು ಮತ್ತು ನಕ್ಸಲ್ ಪೀಡಿತ ಪ್ರದೇಶಗಳ ಭದ್ರತಾ ವೆಚ್ಚಕ್ಕೆ ಮೀಸಲಾಗಿತ್ತು. ದೇಶದ ಎಲ್ಲ ರಾಜ್ಯಗಳ ಸಾಮಾನ್ಯ ಪೊಲೀಸ್ ಪಡೆಗಳ ಆಧುನೀಕರಣಕ್ಕೆ ಐದು ವರ್ಷಗಳಿಗೆ ಸೇರಿ ಸಿಕ್ಕಿದ್ದು 4,846 ಕೋಟಿ. ವರ್ಷಕ್ಕೆ ಸುಮಾರು 970 ಕೋಟಿಯಾಗುವ ಈ ಹಣವನ್ನು ದೇಶದ 17 ಸಾವಿರಕ್ಕೂ ಹೆಚ್ಚಿನ ಠಾಣೆಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ವರ್ಷಕ್ಕೆ ಐದಾರು ಲಕ್ಷ ರೂಪಾಯಿ, ಅಂದರೆ ಒಂದು ಬೊಲೆರೊ ಜೀಪಿನ ಬೆಲೆಗೂ ಸಾಲದ ಹಣ. ಹಾಗೆ ಸಮನಾಗಿ ಯಾರೂ ಹಂಚುವುದಿಲ್ಲ ನಿಜ. ಆದರೂ ತಲೆಬರಹಕ್ಕೂ ಠಾಣೆಗೂ ನಡುವಿನ ದೂರ ಎಷ್ಟೆಂದು ಈ ಲೆಕ್ಕದಿಂದ ತಿಳಿಯುತ್ತದೆ.

ಕಾವಲಿಗೆ ಯಾರ ಹಣ

ಊರಿನ ಕಾವಲಿಗೆ ಊರೇ ಹಣ ಕೊಡುತ್ತಿದ್ದ ಕಾಲವೊಂದಿತ್ತು. ಕನ್ನಡ ನಾಡಿನ ಆಯಗಾರ ಪದ್ಧತಿಯಲ್ಲಿ ಪಟೇಲ, ಶಾನುಭೋಗ, ನೀರಗಂಟಿ, ತೋಟಿಯರ ಸಾಲಿನಲ್ಲಿ ತಳವಾರನೂ ಇದ್ದು, ಅವನಿಗೆ ಇನಾಮು ಜಮೀನೂ ಸುಗ್ಗಿಯ ಹೊತ್ತಿಗೆ ಕಣದಲ್ಲಿ ಅಳೆದುಕೊಡುವ ಧಾನ್ಯದ ಪಾಲೂ ಸಲ್ಲುತ್ತಿದ್ದವು. ಕಳುವಾದ ಮಾಲನ್ನು ಕಾವಲಿನವನೇ ಪತ್ತೆ ಮಾಡಿಕೊಡಬೇಕು, ಇಲ್ಲವೇ ನಷ್ಟ ತುಂಬಿಕೊಡಬೇಕು ಎಂಬ ಕಟ್ಟುಪಾಡು ದಕ್ಷಿಣ ಭಾರತದ ಕಾವಲು ಪದ್ಧತಿಗಳಲ್ಲಿತ್ತು. ಇದನ್ನು ಹಾಡಿ ಹೊಗಳಬೇಕಾದ್ದೇನಿಲ್ಲ, ಏಕೆಂದರೆ ಜಾತಿಯ ಕೆಳಸ್ತರದಲ್ಲಿ ನಿಲ್ಲಿಸಿದವನ ತಲೆಗೆ ಊರಿನವರ ಆಸ್ತಿಯ ಹೊಣೆಯನ್ನು ಕಟ್ಟುವ ಕ್ರಮದಲ್ಲಿ ಅನ್ಯಾಯ ಎದ್ದು ಕಾಣುತ್ತಿತ್ತು. ಆದರೆ ಕಾವಲಿಗೆ ಹಣ ಕೊಡುವವರೂ ಅದರ ಫಲ ಉಣ್ಣುವವರೂ ಒಂದೇ ಊರಿನವರಾಗಿದ್ದರೆಂಬುದು ಹಣಕಾಸಿನ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ. 1961ರಲ್ಲಿ ರಾಜ್ಯ ವಿಧಾನಮಂಡಲವು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ ತರುವ ಹೊತ್ತಿಗಾಗಲೇ, 1861ರ ಪೊಲೀಸ್ ಕಾಯ್ದೆಯ ಮಾದರಿಯ, ಸರ್ಕಾರಿ ಸಂಬಳದ ಪೊಲೀಸ್ ವ್ಯವಸ್ಥೆ ಎಲ್ಲೆಡೆ ನೆಲೆಯೂರಿತ್ತು.

ಮೇಲಿನ ಸರ್ಕಾರ ಹಣ ಕೊಟ್ಟು ಕೆಳಗಿನ ಪೊಲೀಸರನ್ನು ತಿದ್ದುವ ಉಪಾಯ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು ಇದೇ ಕಾಲಘಟ್ಟದಲ್ಲಿ. 1856ರ ಕೌಂಟಿ ಮತ್ತು ಬರೋ ಪೊಲೀಸ್ ಕಾಯ್ದೆಯು ಪ್ರತಿ ಕೌಂಟಿಯೂ ಪೊಲೀಸ್ ಪಡೆ ಕಟ್ಟುವುದನ್ನು ಕಡ್ಡಾಯಗೊಳಿಸಿ, ಸರ್ಕಾರ ನೇಮಿಸಿದ ಇನ್‌ಸ್ಪೆಕ್ಟರುಗಳು ಪಡೆಯನ್ನು ತಪಾಸಣೆ ಮಾಡಿ ಸಮರ್ಥವೆಂದು ಪ್ರಮಾಣೀಕರಿಸಿದರೆ ಮಾತ್ರ ಸಂಬಳ ಮತ್ತು ಸಮವಸ್ತ್ರದ ವೆಚ್ಚದ ಕಾಲುಭಾಗವನ್ನು ಖಜಾನೆಯಿಂದ ಭರಿಸುವುದಾಗಿ ಹೇಳಿತು. 1874ರಲ್ಲಿ ಆ ಪಾಲು ಅರ್ಧಕ್ಕೇರಿತು. ಪಡೆಯನ್ನು ಲಂಡನ್ನಿನಿಂದ ಆಳಲು ಹೋಗದೆ, ಆದರೆ ಹಣದ ಹಿಡಿತದಿಂದ ಅದರ ಗುಣಮಟ್ಟವನ್ನು ಏರಿಸುವ ಈ ಕ್ರಮದಲ್ಲಿ ಎರಡು ಅಂಶಗಳು ಮುಖ್ಯ: ಅನುದಾನವು ಪ್ರತಿವರ್ಷದ ಸಂಬಳಕ್ಕೆ ಸಲ್ಲುತ್ತಿತ್ತು, ಮತ್ತು ಅದು ಬರುತ್ತಿದ್ದುದು ಯಾರೋ ಖುದ್ದಾಗಿ ಹೋಗಿ ನೋಡಿ ಬಂದ ಮೇಲೆ. ಭಾರತದಲ್ಲಿ ನೂರು ವರ್ಷ ಕಳೆದ ಮೇಲೆ ರೂಪುಗೊಂಡ ಅನುದಾನ ಈ ಎರಡನ್ನೂ ಕೈಬಿಟ್ಟಿತು.

ಕ್ರಿಯಾ ಯೋಜನೆಯಿಂದ ಬಳಕೆ ಪ್ರಮಾಣಪತ್ರದವರೆಗೆ

ರಾಜ್ಯ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ ಆರಂಭವಾದದ್ದು 1969-70ರಲ್ಲಿ. ಮರುವರ್ಷ, 1970ರಲ್ಲಿ, ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ಸ್ಥಾಪನೆಯಾಗಿ, ಪಡೆಗಳ ಸಂಖ್ಯಾಬಲ, ವಾಹನ, ಶಸ್ತ್ರಾಸ್ತ್ರಗಳ ಲೆಕ್ಕವನ್ನು ರಾಷ್ಟ್ರಮಟ್ಟದಲ್ಲಿ ಇಡುವ ಕೆಲಸ ಅದರ ಪಾಲಿಗೆ ಬಂತು. ಮೊದಮೊದಲು ಭಾಗಶಃ ಸಾಲವಾಗಿಯೂ ಭಾಗಶಃ ಅನುದಾನವಾಗಿಯೂ ಬರುತ್ತಿದ್ದ ಹಣವನ್ನು 2000-01ರಲ್ಲಿ ವರ್ಷಕ್ಕೆ 1,000 ಕೋಟಿ ರೂಪಾಯಿಗೆ ಏರಿಸಲಾಯಿತು. 14ನೇ ಹಣಕಾಸು ಆಯೋಗವು ಕೇಂದ್ರ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶೇ 32ರಿಂದ ಶೇ 42ಕ್ಕೆ ಹೆಚ್ಚಿಸಿದ್ದರಿಂದ, 2015-16ರ ಬಜೆಟ್ಟಿನಲ್ಲಿ ಕೇಂದ್ರದ ನೆರವಿನಿಂದ ಬೇರ್ಪಡಿಸಿದ ಎಂಟು ಯೋಜನೆಗಳ ಪಟ್ಟಿಯಲ್ಲಿ ಪೊಲೀಸ್ ಆಧುನೀಕರಣವೂ ಸೇರಿತು. ಮೂರು ವರ್ಷ ಕಳೆಯುವುದರೊಳಗೆ, 2017ರ ಸೆಪ್ಟೆಂಬರಿನಲ್ಲಿ, ಅದೇ ಹೆಸರಿನ ಸಮಗ್ರ ಯೋಜನೆ 25,060 ಕೋಟಿಯ ಗಾತ್ರದೊಂದಿಗೆ ಮತ್ತೆ ಬಂತು. ರಾಜ್ಯಗಳಿಗೆ ಬಿಟ್ಟರೆ ಹಣ ಪೊಲೀಸರಿಗೆ ತಲುಪುವುದಿಲ್ಲ ಎಂಬ ಅಪನಂಬಿಕೆ ದೆಹಲಿಯಲ್ಲೂ, ಕೊಟ್ಟ ಕೈಯಿಂದಲೇ ಕಸಿದುಕೊಳ್ಳುತ್ತಾರೆ ಎಂಬ ಅಸಮಾಧಾನ ರಾಜ್ಯಗಳ ರಾಜಧಾನಿಗಳಲ್ಲೂ ಉಳಿದುಕೊಂಡದ್ದಕ್ಕೆ ಈ ಹೋಗಿ ಬರುವ ಆಟ ಒಂದು ಕಾರಣ.

ಹಣ ಸಾಗುವ ದಾರಿಯನ್ನು ನೋಡಿದರೆ ಅನುದಾನದ ಸ್ವಭಾವ ಅರ್ಥವಾಗುತ್ತದೆ. ಪ್ರತಿವರ್ಷ ರಾಜ್ಯದ ಪೊಲೀಸ್ ಪ್ರಧಾನ ಕಚೇರಿಯು ಜಿಲ್ಲೆ ಮತ್ತು ಘಟಕಗಳಿಂದ ಬೇಡಿಕೆ ಪಟ್ಟಿಗಳನ್ನು ತರಿಸಿಕೊಂಡು ರಾಜ್ಯ ಕ್ರಿಯಾ ಯೋಜನೆಯೊಂದನ್ನು ಸಿದ್ಧಪಡಿಸುತ್ತದೆ. ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ರಾಜ್ಯಮಟ್ಟದ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಕಡತ ಗೃಹ ಸಚಿವಾಲಯದ ಉನ್ನತಾಧಿಕಾರ ಸಮಿತಿಗೆ ಹೋಗುತ್ತದೆ. ಅಲ್ಲಿ ಮಂಜೂರಾದ ಬಾಬ್ತುಗಳಿಗೆ ಕಂತಿನಲ್ಲಿ ಹಣ ಬಿಡುಗಡೆಯಾದಾಗ ಕರ್ನಾಟಕದಂಥ ರಾಜ್ಯ ತನ್ನ ಪಾಲಿನ ಶೇ 40ನ್ನು ಸೇರಿಸಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಪಾಲು ಶೇ 10 ಮಾತ್ರ. ಇಷ್ಟಾದ ಮೇಲೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರು ಕರೆಯಬೇಕು, ದರ ಹೊಂದಾಣಿಕೆಯಾಗಬೇಕು, ಮಾಲು ಬರಬೇಕು, ಬಿಲ್ಲು ಪಾಸಾಗಬೇಕು. ಎಲ್ಲಕ್ಕಿಂತ ಕೊನೆಗೆ, ಮಂಜೂರಾದ ಹಣ ಮಂಜೂರಾದ ಉದ್ದೇಶಕ್ಕೇ ಖರ್ಚಾಗಿದೆ ಎಂದು ದೃಢೀಕರಿಸುವ ಬಳಕೆ ಪ್ರಮಾಣಪತ್ರವನ್ನು ಕಳಿಸಬೇಕು. ಹಿಂದಿನದರ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಾರದು.

ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಸರಪಳಿಯ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷದ ಬಹುಪಾಲು ಒಪ್ಪಿಗೆಗಳಲ್ಲೇ ಕಳೆದು, ಮಾರ್ಚ್ ಹತ್ತಿರವಾಗುತ್ತಿದ್ದಂತೆ ಖರ್ಚಿನ ಒತ್ತಡ ಏರುವಾಗ, ಬೇಗ ಕೊಳ್ಳಬಹುದಾದ, ಎಣಿಸಬಹುದಾದ, ಫೋಟೊ ತೆಗೆದು ಕಡತಕ್ಕೆ ಲಗತ್ತಿಸಬಹುದಾದ ವಸ್ತುಗಳೇ ಪಟ್ಟಿಯಲ್ಲಿ ಮೇಲೆ ಬರುತ್ತವೆ. ವಾಹನ, ಶಸ್ತ್ರ, ವೈರ್‌ಲೆಸ್ ಸೆಟ್, ಕಂಪ್ಯೂಟರ್, ಕ್ಯಾಮೆರಾಗಳಿಗೆ ಪ್ರಮಾಣಪತ್ರ ಬರೆಯುವುದು ಸುಲಭ. ಒಂದು ಬಡಾವಣೆಯಲ್ಲಿ ಈ ವರ್ಷ ನಡೆಯದೇ ಹೋದ ಮನೆಗಳ್ಳತನಗಳಿಗೆ ಯಾರೂ ಪ್ರಮಾಣಪತ್ರ ಬರೆಯಲಾರರು. ಅಪರಾಧ ತಡೆ ಎಂಬ ಕೆಲಸದ ಫಲಿತಾಂಶವೇ ಒಂದು ಇಲ್ಲದಿರುವಿಕೆಯಾದ್ದರಿಂದ, ಇರುವುದನ್ನು ಮಾತ್ರ ಲೆಕ್ಕ ಕೇಳುವ ಹಣಕಾಸು ಪದ್ಧತಿಯಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ.

ಕೊಂಡದ್ದಾದರೂ ಬಳಕೆಗೆ ಬಂತೇ ಎಂಬ ಪ್ರಶ್ನೆಗೆ ಮಹಾಲೇಖಪಾಲರ ವರದಿಗಳು ಕೊಡುವ ಉತ್ತರ ಉತ್ಸಾಹ ತರುವಂಥದ್ದಲ್ಲ. ರಾಜಸ್ಥಾನದ ಲೆಕ್ಕಪರಿಶೋಧನೆಯಲ್ಲಿ ಆಧುನಿಕ ಶಸ್ತ್ರಗಳ ಕೊರತೆ ಶೇ 75ರಷ್ಟಿದ್ದದ್ದು ಕಂಡುಬಂದಿತಷ್ಟೇ ಅಲ್ಲ, ಕೊಂಡ ಶಸ್ತ್ರಗಳಲ್ಲಿ ಶೇ 59 ಠಾಣೆಗಳಿಗೆ ಹಂಚಿಕೆಯಾಗದೆ ಬಿದ್ದಿದ್ದವು. ದೇಶದ ಠಾಣೆಗಳನ್ನೆಲ್ಲ ಉಪಗ್ರಹದ ಮೂಲಕ ಬೆಸೆಯಲು ರೂಪಿಸಿದ ಪೋಲ್‌ನೆಟ್ ಎಂಬ ಸಂಪರ್ಕ ಜಾಲವು ಗುಜರಾತಿನಲ್ಲಿ ಉಪಕರಣ ಮತ್ತು ಜನರೇಟರ್ ಅಳವಡಿಕೆಯಾಗದೆ 2015ರ ಅಕ್ಟೋಬರ್‌ವರೆಗೂ ಕಾರ್ಯಾರಂಭ ಮಾಡಿರಲಿಲ್ಲ. ರೇಡಿಯೊ ಆಪರೇಟರ್ ಮತ್ತು ತಂತ್ರಜ್ಞರ ಹುದ್ದೆಗಳಲ್ಲಿ ಶೇ 40ರಿಂದ 50ರಷ್ಟು ಖಾಲಿ ಇದ್ದವು. 2015-16ರಲ್ಲಿ ಆಧುನೀಕರಣಕ್ಕಾಗಿ ಕೇಂದ್ರ ಮತ್ತು ರಾಜ್ಯಗಳು ಸೇರಿ ಎತ್ತಿಟ್ಟ 9,203 ಕೋಟಿಯಲ್ಲಿ ಖರ್ಚಾದದ್ದು ಶೇ 14 ಎಂದು ಪಿಆರ್‌ಎಸ್ ಶಾಸಕಾಂಗ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. ಹಣ ಸಾಲದೆಂಬ ಅಳಲೂ ಹಣ ಖರ್ಚಾಗಲಿಲ್ಲವೆಂಬ ಟೀಕೆಯೂ ಒಂದೇ ಇಲಾಖೆಯ ಬಗ್ಗೆ ಒಂದೇ ಕಾಲಕ್ಕೆ ನಿಜವಾಗಿರುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಯಂತ್ರಕ್ಕೆ ಹಣವಿದ್ದು ಅದನ್ನು ನಡೆಸುವವನ ಸಂಬಳಕ್ಕೆ ಇಲ್ಲದಿದ್ದಾಗ ಹಾಗಾಗದೆ ಇನ್ನೇನಾಗುತ್ತದೆ?

ನಿರ್ಭಯಾ ನಿಧಿಯ ಎರಡು ಮುಖ

2012ರ ಡಿಸೆಂಬರಿನ ದೆಹಲಿ ಅತ್ಯಾಚಾರ ಪ್ರಕರಣದ ಬೆನ್ನಲ್ಲೇ ನೇಮಕಗೊಂಡ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯು 2013ರ ಜನವರಿ 23ರಂದು ಕೊಟ್ಟ ವರದಿಯಲ್ಲಿ ಪೊಲೀಸ್ ಸುಧಾರಣೆಗೆ ಒತ್ತು ನೀಡಿ, 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, ವರ್ಗಾವಣೆಯೂ ಸೇರಿದಂತೆ ಪೊಲೀಸರ ಮೇಲಿನ ರಾಜಕೀಯ ಹಿಡಿತವನ್ನು ಸಡಿಲಿಸಲೆಂದು, ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ಜಾರಿಯಾಗಬೇಕೆಂದು ಹೇಳಿತು. ಒಂದೇ ತಿಂಗಳ ಬಳಿಕ ಮಂಡನೆಯಾದ ಬಜೆಟ್ಟಿನಲ್ಲಿ ಹಣಕಾಸು ಸಚಿವ ಪಿ. ಚಿದಂಬರಂ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿಯನ್ನು ಪ್ರಕಟಿಸಿದರು. ವರ್ಷಾಂತ್ಯಕ್ಕೆ ಖರ್ಚಾಗದ ಹಣ ಖಜಾನೆಗೆ ಮರಳದೆ ನಿಧಿಯಲ್ಲೇ ಉಳಿಯುವಂತೆ ಇದನ್ನು ರೂಪಿಸಿದ್ದು ಆಧುನೀಕರಣ ಯೋಜನೆಯ ಮಾರ್ಚ್ ಕಾಯಿಲೆಗೆ ಒಂದು ಮದ್ದಾಗಬಹುದಿತ್ತು. ಆದರೆ ಮೊದಲ ಕೆಲವು ವರ್ಷಗಳಲ್ಲಿ ಹಣದ ಬಹುಪಾಲು ಕದಲದೇ ಉಳಿದದ್ದರಿಂದ, ಮರಳಿ ಹೋಗದ ಹಣಕ್ಕೆ ಹೊರಗೆ ಹೋಗುವ ಅವಸರವೂ ಇರುವುದಿಲ್ಲ ಎಂಬುದು ಬೆಳಕಿಗೆ ಬಂತು.

ಈ ನಿಧಿಯಿಂದ ಕರ್ನಾಟಕಕ್ಕೆ ಬಂದ ದೊಡ್ಡ ಯೋಜನೆ ಬೆಂಗಳೂರು ಸೇಫ್ ಸಿಟಿ. 2018ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಅಹಮದಾಬಾದ್, ಲಖನೌಗಳ ಜೊತೆ ಆಯ್ಕೆಯಾದ ಬೆಂಗಳೂರಿಗೆ ಸುಮಾರು 667 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ಅಲ್ಲಿಂದ ಮುಂದಿನದು ಕರ್ನಾಟಕದ ಪತ್ರಿಕೆ ಓದುವವರಿಗೆ ನೆನಪಿರುವ ಕಥೆ: ಟೆಂಡರು ರದ್ದಾಗಿ ಮತ್ತೆ ಕರೆದು, 2020ರ ಕೊನೆಯಲ್ಲಿ ಇಬ್ಬರು ಹಿರಿಯ ಐಪಿಎಸ್ ಅಧಿಕಾರಿಗಳ ಜಟಾಪಟಿ ಬಹಿರಂಗಕ್ಕೆ ಬಂದು, ಕೊನೆಗೆ 2021ರಲ್ಲಿ ಹನಿವೆಲ್ ಕಂಪನಿಗೆ ಗುತ್ತಿಗೆ ಸಿಕ್ಕಿತು. 2023ರ ಹೊತ್ತಿಗೆ ಅಲಿ ಅಸ್ಕರ್ ರಸ್ತೆಯ ಕಮಾಂಡ್ ಸೆಂಟರ್ ಸಿದ್ಧವಾಗಿ, ನಗರದ ಮೂರು ಸಾವಿರದಷ್ಟು ಸ್ಥಳಗಳಲ್ಲಿ ಅಳವಡಿಸಿದ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳ ದೃಶ್ಯಗಳು ಅದರ ಗೋಡೆಯಗಲದ ಪರದೆಯಲ್ಲಿ ಮೂಡತೊಡಗಿದವು. ಬೀದಿಯಲ್ಲಿ ತೊಂದರೆಗೆ ಸಿಕ್ಕಿದವರು ಗುಂಡಿ ಒತ್ತಿ ಪೊಲೀಸರೊಡನೆ ಮಾತಾಡಬಹುದಾದ ಸುರಕ್ಷಾ ದ್ವೀಪಗಳೂ ಇದರ ಭಾಗ. ಮುಖಚಹರೆ ಗುರುತಿಸುವ ತಂತ್ರಾಂಶವನ್ನು ಯಾವ ಮಿತಿಯಲ್ಲಿ ಬಳಸಬೇಕೆಂದು ಹೇಳುವ ಪ್ರತ್ಯೇಕ ಕಾನೂನು ಇಲ್ಲದಿರುವಾಗ, ಮಹಿಳೆಯರ ರಕ್ಷಣೆಯ ಹೆಸರಿನ ಹಣದಿಂದ ಎಲ್ಲರ ಮೇಲಿನ ಕಣ್ಗಾವಲು ಬೆಳೆಯುತ್ತಿದೆ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಕ್ಯಾಮೆರಾ ಅಪರಾಧವನ್ನು ತಡೆಯುತ್ತದೆಯೇ? ಬ್ರ್ಯಾಂಡನ್ ವೆಲ್ಶ್, ಡೇವಿಡ್ ಫ್ಯಾರಿಂಗ್ಟನ್ ಮತ್ತಿತರ ಅಪರಾಧಶಾಸ್ತ್ರಜ್ಞರು ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸಿಸಿಟಿವಿ ಇರುವೆಡೆ ಅಪರಾಧ ಸರಾಸರಿ ಶೇ 13ರಷ್ಟು ಕಡಿಮೆಯಾಗುತ್ತದೆ. ಆದರೆ ಈ ಇಳಿಕೆ ಎದ್ದು ಕಾಣುವುದು ವಾಹನ ನಿಲುಗಡೆಯ ಸ್ಥಳಗಳಲ್ಲಿ, ವಾಹನ ಕಳವು ಮತ್ತು ಆಸ್ತಿ ಅಪರಾಧಗಳಲ್ಲಿ. ಹಿಂಸೆಯ ಅಪರಾಧಗಳ ಮೇಲೆ ಗಣನೀಯ ಪರಿಣಾಮ ಕಂಡಿಲ್ಲ. ಪತ್ತೆಗೆ, ಸಾಕ್ಷ್ಯಕ್ಕೆ ಕ್ಯಾಮೆರಾ ಒದಗುತ್ತದೆ, ಅದು ಬೇರೆ ಮಾತು. ಆದರೆ ಯಾವ ಬಗೆಯ ಹಿಂಸೆಯ ಕಾರಣಕ್ಕೆ ಈ ನಿಧಿ ಹುಟ್ಟಿತೋ ಆ ಬಗೆಯದನ್ನೇ ತಡೆಯುವುದರಲ್ಲಿ ಅದು ದುರ್ಬಲವೆಂದು ತೋರಿದ ಮೇಲೂ ನಿಧಿಯ ದೊಡ್ಡ ಪಾಲು ಕ್ಯಾಮೆರಾಗಳತ್ತ ಹರಿಯುವುದನ್ನು ಕೊಳ್ಳುವುದರ ಸಲೀಸುತನದಿಂದಲ್ಲದೆ ಬೇರೆ ರೀತಿಯಲ್ಲಿ ವಿವರಿಸುವುದು ಕಷ್ಟ.

ಇದೇ ನಿಧಿಯಿಂದ ಹೊರಟ, ಗಾತ್ರದಲ್ಲಿ ತೀರಾ ಚಿಕ್ಕದಾದ ಇನ್ನೊಂದು ಯೋಜನೆಯ ಕಥೆ ಬೇರೆ. 2019ರ ಡಿಸೆಂಬರಿನಲ್ಲಿ ದೇಶದ 10 ಸಾವಿರ ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರ ತೆರೆಯಲು ಮಂಜೂರಾದದ್ದು 100 ಕೋಟಿ, ಎಂದರೆ ಠಾಣೆಗೆ ಒಂದು ಲಕ್ಷ ರೂಪಾಯಿ. ದೂರು ಹೇಳಿಕೊಳ್ಳಲು ಬಂದವಳು ಲಾಕಪ್ಪಿನ ಎದುರು, ಬಂದುಹೋಗುವವರ ನಡುವೆ ನಿಲ್ಲಬೇಕಾಗದಂತೆ ಒಂದು ಮೂಲೆ, ಒಂದು ಮೇಜು, ಎರಡು ಕುರ್ಚಿ, ಕೇಳಿಸಿಕೊಳ್ಳಲು ಒಬ್ಬರು ಸಿಬ್ಬಂದಿ: ಇಷ್ಟೇ ಇದರ ಸ್ವರೂಪ. ಮಧ್ಯಪ್ರದೇಶದಲ್ಲಿ ಊರ್ಜಾ ಎಂಬ ಹೆಸರಿನಲ್ಲಿ ಇಂಥ ಕೇಂದ್ರಗಳನ್ನು 180 ಠಾಣೆಗಳ ವ್ಯಾಪ್ತಿಯ ಪ್ರಯೋಗದಲ್ಲಿ ಪರೀಕ್ಷಿಸಿದ ಸಂದೀಪ್ ಸುಖ್ತಣಕರ್, ಗೇಬ್ರಿಯೆಲ್ ಕ್ರಕ್ಸ್-ವಿಸ್ನರ್ ಮತ್ತು ಅಕ್ಷಯ್ ಮಂಗ್ಲಾ ಅವರ ಅಧ್ಯಯನ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಂದ್ರಗಳಿದ್ದ ಠಾಣೆಗಳಲ್ಲಿ ಮಹಿಳೆಯರ ದೂರುಗಳ ದಾಖಲಾತಿ ಹೆಚ್ಚಿತು, ಮಹಿಳಾ ಅಧಿಕಾರಿಗಳೇ ಮೇಜಿನ ಹಿಂದೆ ಕೂತಲ್ಲಿ ಅದು ಇನ್ನಷ್ಟು ಎದ್ದು ಕಂಡಿತು ಎಂಬುದು ಅದರ ಮುಖ್ಯ ನಿರ್ಣಯ. ಫಲ ಕೊಟ್ಟದ್ದು ಮೇಜಲ್ಲ, ಅದರ ಹಿಂದೆ ತರಬೇತಾದ ಒಬ್ಬರನ್ನು ಕೂರಿಸಿದ್ದು. ಅನುದಾನ ಮೇಜಿಗೆ ಬಂದಿತ್ತು, ಕೂತವಳ ಸಂಬಳ ರಾಜ್ಯದ್ದಾಗಿತ್ತು.

ಸಂಬಳಕ್ಕೂ ಅನುದಾನ ಕೊಟ್ಟ ದೇಶ

ಹಾಗಾದರೆ ಅನುದಾನವನ್ನು ಸಂಬಳಕ್ಕೇ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕದ ಅನುಭವವನ್ನು ನೋಡಬೇಕು. ಅಲ್ಲಿ ಪೊಲೀಸ್ ಎಂಬುದು ನಗರ ಮತ್ತು ಕೌಂಟಿಗಳ ಹೊಣೆಯಾಗಿದ್ದು, ದೇಶದಲ್ಲಿ ಸುಮಾರು 18 ಸಾವಿರ ಪ್ರತ್ಯೇಕ ಪೊಲೀಸ್ ಸಂಸ್ಥೆಗಳಿವೆ. 1994ರ ಅಪರಾಧ ಕಾಯ್ದೆಗೆ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದಾಗ ಒಂದು ಲಕ್ಷ ಹೊಸ ಪೊಲೀಸರನ್ನು ಬೀದಿಗಿಳಿಸುವ ಗುರಿಯೊಂದಿಗೆ ಕಾಪ್ಸ್ ಎಂಬ ಯೋಜನೆ ಜಾರಿಗೆ ಬಂತು. ಒಬ್ಬ ಪೊಲೀಸನ ಮೂರು ವರ್ಷದ ವೆಚ್ಚದ ಶೇ 75ನ್ನು, 75 ಸಾವಿರ ಡಾಲರಿನ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುತ್ತಿತ್ತು, ಬಳಿಕ ಅವನನ್ನು ಉಳಿಸಿಕೊಳ್ಳುವ ಭಾರ ಊರಿನದು. 1993ರಿಂದ 2000ದವರೆಗೆ ಅಪರಾಧದಲ್ಲಿ ಆದ ಇಳಿಕೆಯಲ್ಲಿ ಈ ಯೋಜನೆಯ ಪಾಲು ಸುಮಾರು ಶೇ 5 ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2005ರಲ್ಲಿ ಅಂದಾಜಿಸಿತು. ದೊಡ್ಡ ಪವಾಡವೇನಲ್ಲ, ಆದರೆ ಇಲ್ಲವೆನ್ನುವಂತೆಯೂ ಇಲ್ಲ.

ಅದೇ ದೇಶದ ಇನ್ನೊಂದು ಅನುದಾನ ಹೇಗೆ ದಾರಿ ತಪ್ಪಿತೆಂಬುದು ಹೆಚ್ಚು ಗಮನಿಸಬೇಕಾದ ಸಂಗತಿ. 1988ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಮಾದಕವಸ್ತು ಪ್ರಕರಣದ ಸಾಕ್ಷಿಯೊಬ್ಬರ ಮನೆಗೆ ಕಾವಲಿದ್ದಾಗ ಹತ್ಯೆಗೀಡಾದ 22 ವರ್ಷದ ಪೊಲೀಸ್ ಎಡ್ವರ್ಡ್ ಬರ್ನ್ ಅವರ ಹೆಸರಿನ ಅನುದಾನವು ಮುಂದೆ ಸ್ಥಳೀಯ ಪೊಲೀಸರಿಗೆ ಕೇಂದ್ರದ ನೆರವಿನ ಮುಖ್ಯ ಮೂಲವಾಗಿ ಬೆಳೆಯಿತು. ಇದರ ಹಣದಿಂದ ಹಲವು ಕೌಂಟಿಗಳು ಸೇರಿ ಮಾದಕವಸ್ತು ತಡೆಯ ಕಾರ್ಯಪಡೆಗಳನ್ನು ಕಟ್ಟಿಕೊಂಡವು. ಬಂಧನಗಳ ಸಂಖ್ಯೆ ತೋರಿಸಿ ಮುಂದಿನ ವರ್ಷದ ಹಣ ಕೇಳುವ ರೂಢಿ ಬೆಳೆಯಿತು. 1999ರ ಜುಲೈಯಲ್ಲಿ ಟೆಕ್ಸಸ್‌ನ ಟುಲಿಯಾ ಎಂಬ ಸುಮಾರು ಐದು ಸಾವಿರ ಜನರ ಊರಿನಲ್ಲಿ ಇಂಥದೊಂದು ಕಾರ್ಯಪಡೆಯ ವೇಷಾಂತರದ ಅಧಿಕಾರಿಯೊಬ್ಬನ ಮಾತನ್ನೇ ನಂಬಿ, ಧ್ವನಿಮುದ್ರಣವಾಗಲಿ ಬೇರೆ ಸಾಕ್ಷಿಯಾಗಲಿ ಇಲ್ಲದೆ, 46 ಮಂದಿಯ ಮೇಲೆ ಪ್ರಕರಣ ಹೂಡಲಾಯಿತು. ಅವರಲ್ಲಿ ಬಹುಪಾಲು ಕಪ್ಪು ಜನ. ಕೆಲವರಿಗೆ ದಶಕಗಟ್ಟಲೆ ಸೆರೆವಾಸವೂ ಆಯಿತು. ಸಾಕ್ಷ್ಯ ಸುಳ್ಳೆಂದು ಬಯಲಾದ ಮೇಲೆ 2003ರಲ್ಲಿ ಟೆಕ್ಸಸ್ ಗವರ್ನರ್ 35 ಮಂದಿಗೆ ಕ್ಷಮಾದಾನ ನೀಡಿದರು. ಒಬ್ಬ ಅಧಿಕಾರಿಯ ದುಷ್ಟತನ ಇದಕ್ಕೆ ಕಾರಣವೆಂದು ಹೇಳಿ ಮುಗಿಸಬಹುದು. ಆದರೆ ಅವನ ಬಂಧನಗಳ ಪಟ್ಟಿಯನ್ನು ಪ್ರಶ್ನಿಸದಿರಲು ಮೇಲಿನವರಿಗೆ ಅನುದಾನವೇ ಒಂದು ಕಾರಣ ಒದಗಿಸಿತ್ತು. ಭಾರತದ ಅನುದಾನದಲ್ಲಿ ಎಣಿಕೆ ವಸ್ತುಗಳದ್ದು. ಅಲ್ಲಿ ಅದು ಮನುಷ್ಯರದ್ದಾಯಿತು.

ಷರತ್ತಿನ ವಿಷಯದಲ್ಲೂ ಅಲ್ಲಿನ ಅನುಭವ ಎಚ್ಚರಿಕೆಯದು. ವಲಸಿಗರ ಕುರಿತ ಕೇಂದ್ರದ ನೀತಿಗೆ ಕೈಜೋಡಿಸದ ನಗರಗಳಿಗೆ ಈ ಬರ್ನ್ ಅನುದಾನ ಸಿಗದಂತೆ 2017ರಲ್ಲಿ ಷರತ್ತು ಹಾಕಿದಾಗ ಶಿಕಾಗೊ ನಗರ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಭಾರತದಲ್ಲಿ ಷರತ್ತಿನ ಭಾಗ ಮೃದುವಾಗಿದ್ದು, ಪೊಲೀಸ್ ಸುಧಾರಣೆ ಕೈಗೊಂಡ ರಾಜ್ಯಗಳಿಗೆ ಆಧುನೀಕರಣ ಹಣದ ಶೇ 20ರವರೆಗೆ ಪ್ರೋತ್ಸಾಹಧನವಾಗಿ ಎತ್ತಿಡಲಾಗುತ್ತದೆ. ಪ್ರಕಾಶ್ ಸಿಂಗ್ ತೀರ್ಪಿನ ನಿರ್ದೇಶನಗಳನ್ನು ನೆಪಮಾತ್ರಕ್ಕೆ ಪಾಲಿಸಿದ ರಾಜ್ಯಗಳ ಸಂಖ್ಯೆಯನ್ನು ನೋಡಿದರೆ, ಈ ಆಮಿಷಕ್ಕೆ ಯಾವ ಸರ್ಕಾರವೂ ವರ್ಗಾವಣೆಯ ಅಧಿಕಾರವನ್ನು ಬಿಟ್ಟುಕೊಡಲು ಸಿದ್ಧವಾಗಿಲ್ಲ ಎನ್ನಬೇಕಾಗುತ್ತದೆ.

ಡ್ಯೂಟಿ ಪಟ್ಟಿಯ ಕೊನೆಯ ಸಾಲು

ಅಪರಾಧ ತಡೆಯ ಕೆಲಸ ನಿಜವಾಗಿ ನಡೆಯುವುದು ಬೀಟಿನಲ್ಲಿ, ಅಂದರೆ ಠಾಣೆಯ ಸರಹದ್ದನ್ನು ಹೋಳು ಮಾಡಿ ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಒಪ್ಪಿಸಿದ ಗಸ್ತಿನ ವಲಯದಲ್ಲಿ. ರಾತ್ರಿ ಬೀಟಿನವನು ಬ್ಯಾಂಕಿನ ಬಾಗಿಲ ಬಳಿಯೋ ಸರ್ಕಲ್ಲಿನ ಅಂಗಡಿಯ ಗೋಡೆಯಲ್ಲೋ ತೂಗುಹಾಕಿದ ಪಾಯಿಂಟ್ ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕುವ ಪದ್ಧತಿ ಕರ್ನಾಟಕದ ಎಲ್ಲ ಊರುಗಳಿಗೂ ಪರಿಚಿತ. ಈಗ ಹಲವೆಡೆ ಅದರ ಜಾಗದಲ್ಲಿ ಮೊಬೈಲಿನಿಂದ ಸ್ಕ್ಯಾನ್ ಮಾಡುವ ಇ-ಬೀಟ್ ಬಂದಿದೆ. 2017ರಲ್ಲಿ ರಾಜ್ಯ ಪೊಲೀಸ್ ಇಲಾಖೆ ಜಾರಿಗೆ ತಂದ ಸುಧಾರಿತ ಬೀಟ್ ವ್ಯವಸ್ಥೆಯು ಠಾಣೆಯ ಪ್ರತಿ ಸಿಬ್ಬಂದಿಗೂ ಒಂದೊಂದು ಬೀಟಿನ ಹೊಣೆ ವಹಿಸಿ, ಬೀಟಿನ ನಾಗರಿಕರನ್ನೇ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಗುರಿ ಹೊಂದಿತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಅಪರಾಧ ತಡೆ ಯೋಜನೆಯನ್ನು ಊಹಿಸುವುದು ಕಷ್ಟ, ಮತ್ತು ಇದಕ್ಕೆ ಬೇಕಾದ ಬಂಡವಾಳ ಬಹುತೇಕ ಸೊನ್ನೆ.

ಬೇಕಾದದ್ದು ಸಮಯ. ತಾಲ್ಲೂಕು ಮಟ್ಟದ ಠಾಣೆಯೊಂದರ ಬೆಳಗಿನ ಹಾಜರಿಯ ಡ್ಯೂಟಿ ಪಟ್ಟಿಯಲ್ಲಿ ಸೆಂಟ್ರಿ, ಸ್ಟೇಷನ್ ರೈಟರ್, ಕಂಪ್ಯೂಟರ್, ಕೋರ್ಟ್ ಡ್ಯೂಟಿ, ಸಮನ್ಸ್-ವಾರಂಟ್ ಜಾರಿ, ಆರೋಪಿಯ ಎಸ್ಕಾರ್ಟ್, ಶವಪರೀಕ್ಷೆಗೆ ಆಸ್ಪತ್ರೆ, ಪಾಸ್‌ಪೋರ್ಟ್ ಪರಿಶೀಲನೆ, ಹೆದ್ದಾರಿ ಗಸ್ತು, ಜೊತೆಗೆ ಜಾತ್ರೆಯೋ ಸಚಿವರ ಭೇಟಿಯೋ ಇದ್ದರೆ ಬಂದೋಬಸ್ತು ಇವುಗಳಿಗೆಲ್ಲ ಹೆಸರು ಹಂಚಿ, ರಜೆ ಮತ್ತು ಖಾಲಿ ಹುದ್ದೆಗಳನ್ನು ಕಳೆದ ಮೇಲೆ ಬೀಟಿನ ಸಾಲು ಬರುತ್ತದೆ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳ 2019ರ ಸಮೀಕ್ಷೆಯ ಪ್ರಕಾರ ಭಾರತದ ಪೊಲೀಸ್ ಸಿಬ್ಬಂದಿ ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಕರ್ನಾಟಕದಲ್ಲೇ 2016ರ ಜೂನಿನಲ್ಲಿ ಕಾನ್‌ಸ್ಟೆಬಲ್‌ಗಳು ಸಾಮೂಹಿಕ ರಜೆ ಹಾಕುವ ಬೆದರಿಕೆ ಒಡ್ಡಿದ್ದು, ಅದರ ನಂತರ ರಾಘವೇಂದ್ರ ಔರಾದ್ಕರ್ ಸಮಿತಿ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿದ್ದು, ಅದು 2019ರಲ್ಲಿ ಜಾರಿಯಾದದ್ದು ಇವೆಲ್ಲ ನಡೆದದ್ದು ರಾಜ್ಯದ ಹಣದ ಚೌಕಟ್ಟಿನಲ್ಲೇ; ಕೇಂದ್ರದ ಆಧುನೀಕರಣ ಕಡತದಲ್ಲಿ ಇವುಗಳಿಗೆ ಸ್ಥಾನವಿರಲಿಲ್ಲ.

ಹಣ ಎಲ್ಲಿ ಹಾಕಿದರೆ ಠಾಣೆ ಬದಲಾಗುತ್ತದೆ ಎಂಬುದಕ್ಕೆ ರಾಜಸ್ಥಾನ ಪೊಲೀಸರೊಂದಿಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 162 ಠಾಣೆಗಳಲ್ಲಿ ನಡೆಸಿದ ಪ್ರಯೋಗ ಒಂದು ಸೂಚನೆ ಕೊಡುತ್ತದೆ. ತನಿಖೆ ಮತ್ತು ನಡವಳಿಕೆಯ ತರಬೇತಿ ಪಡೆದ ಸಿಬ್ಬಂದಿ ಇದ್ದ ಠಾಣೆಗಳಲ್ಲಿ ದೂರುದಾರರ ತೃಪ್ತಿ ಮತ್ತು ತನಿಖೆಯ ಗುಣಮಟ್ಟ ಸುಧಾರಿಸಿತು. ಮನಬಂದಂತೆ ವರ್ಗಾವಣೆ ಮಾಡದಂತೆ ತಡೆಹಿಡಿದಲ್ಲಿಯೂ ಒಳ್ಳೆಯ ಫಲ ಕಂಡಿತು. ವಾರದ ರಜೆ, ಸ್ಥಳೀಯರ ಮೇಲ್ವಿಚಾರಣೆಯಂಥ ಸುಧಾರಣೆಗಳು ಮಾತ್ರ ಕೆಳಹಂತದ ಠಾಣಾಧಿಕಾರಿಗಳ ಮರ್ಜಿಗೆ ಬಿದ್ದು ಸೊರಗಿದವು. ಗೆದ್ದ ಎರಡರಲ್ಲಿ ಒಂದಕ್ಕೆ ಹಣವೇ ಬೇಕಿಲ್ಲ, ಇನ್ನೊಂದಕ್ಕೆ ಬೇಕಾದದ್ದು ಅಲ್ಪ. ಹಾಗಿದ್ದೂ ಪೊಲೀಸ್ ಬಜೆಟ್ಟಿನಲ್ಲಿ ತರಬೇತಿಯ ಪಾಲು ರಾಷ್ಟ್ರಮಟ್ಟದಲ್ಲಿ ಶೇ 1ಕ್ಕಿಂತ ತುಸುವಷ್ಟೇ ಹೆಚ್ಚು ಎಂದು ಇಂಡಿಯಾ ಜಸ್ಟೀಸ್ ವರದಿ ಹೇಳುತ್ತದೆ. ನ್ಯಾಯದಾನದ ಒಟ್ಟು ವ್ಯವಸ್ಥೆಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ 2022 ಮತ್ತು 2025ರಲ್ಲಿ ಮೊದಲ ಸ್ಥಾನ ಕೊಟ್ಟದ್ದೂ ಇದೇ ವರದಿ ಎಂಬುದನ್ನು ನ್ಯಾಯವಾಗಿ ಸೇರಿಸಬೇಕು.

ಉಪಕರಣಕ್ಕಿಂತ ಅದನ್ನು ನಡೆಸುವ ಜನ ಮುಖ್ಯ ಎಂಬ ಈ ವಾದದ ಮುಂದಿನ ಪರೀಕ್ಷೆ ನಡೆಯಲಿರುವುದು ವಿಧಿವಿಜ್ಞಾನದಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ 3ನೇ ಉಪಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸುವುದನ್ನು ಕಡ್ಡಾಯ ಮಾಡಿ, ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಗಡುವು ಕೊಟ್ಟಿದೆ. ಪ್ರಯೋಗಾಲಯ ಮತ್ತು ಉಪಕರಣಗಳಿಗೆ ಸಮಗ್ರ ಯೋಜನೆಯಲ್ಲಿ 2,080.50 ಕೋಟಿ, 2024ರಲ್ಲಿ ಮಂಜೂರಾದ ರಾಷ್ಟ್ರೀಯ ವಿಧಿವಿಜ್ಞಾನ ಮೂಲಸೌಕರ್ಯ ಯೋಜನೆಯಲ್ಲಿ 2,254.43 ಕೋಟಿ ರೂಪಾಯಿ ಇವೆ. ಕರ್ನಾಟಕ ಈ ಗಡುವಿಗೂ ಮೊದಲೇ ಸೋಕೋ ಎಂದು ಕರೆಯುವ ಅಪರಾಧ ಸ್ಥಳ ಅಧಿಕಾರಿಗಳ ಹುದ್ದೆಗಳನ್ನು ಸೃಷ್ಟಿಸಿ, ವಿಜ್ಞಾನ ಪದವೀಧರರನ್ನು ನೇಮಿಸಿಕೊಂಡು ಜಿಲ್ಲೆಗಳಿಗೆ ಕಳಿಸಿದೆ. ಅವರ ಸಂಬಳ ಬರುವುದು ರಾಜ್ಯದ ಬಜೆಟ್ಟಿನಿಂದ. 2029ರ ಹೊತ್ತಿಗೆ ಉಪಕರಣ ಮಾತ್ರ ಕೊಂಡ ರಾಜ್ಯಗಳಲ್ಲೂ ಮೊದಲು ಜನರನ್ನು ನೇಮಿಸಿಕೊಂಡ ರಾಜ್ಯಗಳಲ್ಲೂ ಸ್ಥಳ ಮಹಜರಿನ ಗುಣಮಟ್ಟ ಹೇಗಿರುತ್ತದೆಂದು ಕೋರ್ಟುಗಳೇ ಹೋಲಿಸಿ ನೋಡಲಿವೆ.